ದುಬೈನಲ್ಲಿ ಮಗುವಿಗೆ ಶಾಲೆ: ಸಿಬಿಎಸ್‌ಇ, ಬ್ರಿಟಿಷ್, ಐಬಿ, ಇಲ್ಲಾ ಊರಿನ ಪಿಯುಸಿ?

ದುಬೈಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಮನೆ ಬಾಡಿಗೆ ಎಷ್ಟು ಅಂತ. ಆಮೇಲಿನ ಪ್ರಶ್ನೆ, "ಇಲ್ಲಿ ಯಾವ ಸ್ಕೂಲ್ ಚೆನ್ನಾಗಿದೆ?" ಇದಕ್ಕೆ ನೇರ ಉತ್ತರ ಯಾರ ಹತ್ತಿರವೂ ಇಲ್ಲ. ಎಲ್ಲರೂ ತಮ್ಮ ಮಕ್ಕಳು ಹೋಗುವ ಶಾಲೆಯನ್ನೇ ಹೊಗಳುತ್ತಾರೆ. ಅಷ್ಟು ಫೀಸ್ ಕಟ್ಟಿದ ಮೇಲೆ ಬೈಯಲು ಮನಸ್ಸು ಬರುವುದಿಲ್ಲ, ಅಲ್ವಾ?

ಹಾಗಾಗಿ ನಾನು ತಿರುಗಿ ಬೇರೆಯದನ್ನೇ ಕೇಳುತ್ತೇನೆ. ನಿಮ್ಮ ಮಗು ಹನ್ನೊಂದು, ಹನ್ನೆರಡನೇ ತರಗತಿ ಎಲ್ಲಿ ಓದುತ್ತದೆ? ಈಗ ಕೆಜಿಯಲ್ಲಿದ್ದರೂ ಸರಿ, ಒಂದು ಅಂದಾಜು ಇರಲಿ. ದುಬೈನಲ್ಲೇ ಹನ್ನೆರಡು ಮುಗಿಸಿ ಭಾರತಕ್ಕೆ ಹೋಗುತ್ತದೆಯೋ, ಹತ್ತನೆಯದಾದ ಮೇಲೆ ಊರಿಗೆ ವಾಪಸ್ಸೋ, ಇಲ್ಲಾ ಲಂಡನ್, ಟೊರಾಂಟೊ ಕಡೆಗೋ? ಇದು ಗೊತ್ತಾದರೆ ಅರ್ಧ ಶಾಲೆಗಳು ಪಟ್ಟಿಯಿಂದ ತಾವಾಗಿಯೇ ಉದುರುತ್ತವೆ.

ಇಲ್ಲಿನ ಸರ್ಕಾರಿ ಶಾಲೆಗಳು ಮುಖ್ಯವಾಗಿ ಎಮಿರಾತಿ ಮಕ್ಕಳಿಗಾಗಿ ಇರುವಂಥವು. ನಮ್ಮಂಥವರಿಗೆ ಖಾಸಗಿ ಶಾಲೆಯೇ ಗತಿ. ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ. ಅಬುಧಾಬಿಗೆ, ಶಾರ್ಜಾಕ್ಕೆ ಬೇರೆ ಬೇರೆ ಪ್ರಾಧಿಕಾರಗಳಿವೆ, ನಿಯಮಗಳೂ ಒಂದೇ ಅಲ್ಲ. ಖಾಸಗಿ ಶಾಲೆಗೆ ಹೋಗುವ ದುಬೈ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಂದಿ ಬ್ರಿಟಿಷ್ ಪಠ್ಯದಲ್ಲಿದ್ದಾರೆ. ಭಾರತೀಯ ಪಠ್ಯದಲ್ಲಿ ಸುಮಾರು ಕಾಲು ಭಾಗ. ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯ ಓದುವವರು ಇವೆರಡಕ್ಕಿಂತ ತುಂಬಾ ಕಡಿಮೆ. ಅಮೆರಿಕನ್ ಶಾಲೆಗಳೂ ಇವೆ. ಮುಂದೆ ಅಮೆರಿಕಕ್ಕೇ ಹೋಗುವುದು ಖಚಿತವಾಗಿದ್ದರೆ ಮಾತ್ರ ಅವುಗಳನ್ನು ನೋಡಿ. ನಮ್ಮವರಿಗೆ ಅಷ್ಟಾಗಿ ಹೊಂದುವುದಿಲ್ಲ, ಹಾಗಾಗಿ ಇಲ್ಲಿ ಅವನ್ನು ಬಿಟ್ಟಿದ್ದೇನೆ.

ಏನೇನು ತೂಗಿ ನೋಡಬೇಕು

ಹನ್ನೆರಡನೇ ತರಗತಿ ಎಲ್ಲಿ ಎನ್ನುವುದು ಮೊದಲನೆಯದು. ಅದರ ಹಿಂದೆಯೇ ಬರುವುದು ದುಡ್ಡು. ತುಂಬಾ ಜನ ಕೆಜಿ ಫೀಸ್ ನೋಡಿ "ಪರವಾಗಿಲ್ಲ, ಕಟ್ಟಬಹುದು" ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ತರಗತಿ ಏರಿದ ಹಾಗೆ ಫೀಸೂ ಏರುತ್ತದೆ. ಕೆಳಗಿನ ತರಗತಿಗೆ ವರ್ಷಕ್ಕೆ 40 ಸಾವಿರ ದಿರಹಂ ಕೇಳುವ ಬ್ರಿಟಿಷ್ ಶಾಲೆ, ಕೊನೆಯ ತರಗತಿಗೆ 70 ಸಾವಿರ ಕೇಳಿದರೆ ಅದು ಅಪರೂಪವೇನಲ್ಲ. ಕೆಎಚ್‌ಡಿಎ ವೆಬ್‌ಸೈಟಿನಲ್ಲಿ ಪ್ರತಿ ಶಾಲೆಯ ಫೀಸೂ ತರಗತಿವಾರು ಇರುತ್ತದೆ. ಮೊದಲು ಮೇಲಿನ ತರಗತಿಯ ಸಾಲು ನೋಡಿ, ಆಮೇಲೆ ಕೆಜಿಯದು. ಎರಡು ಮಕ್ಕಳಿದ್ದರೆ ಎರಡರದ್ದೂ ಸೇರಿಸಿ. ಅದಕ್ಕೆ ಬಸ್ಸು, ಸಮವಸ್ತ್ರ, ಪುಸ್ತಕ, ಬೋರ್ಡ್ ಪರೀಕ್ಷೆಯ ಫೀಸ್ ಸೇರಿಸಿ. ಶಾಲೆಗಳು ಮನಸ್ಸಿಗೆ ಬಂದ ಹಾಗೆ ಫೀಸ್ ಏರಿಸುವಂತಿಲ್ಲ, ಕೆಎಚ್‌ಡಿಎ ಪ್ರತಿ ವರ್ಷ ಮಿತಿ ಹಾಕುತ್ತದೆ ಅನ್ನುವುದೊಂದು ಸಮಾಧಾನ. ಆದರೆ ಮಿತಿ ಇರುವುದು ವರ್ಷದ ಏರಿಕೆಗೆ. ತರಗತಿ ದಾಟಿದಾಗ ಜಾಸ್ತಿಯಾಗುವ ಫೀಸ್ ಬೇರೆ.

ಕಂಪನಿ ಎಜುಕೇಷನ್ ಅಲೋವೆನ್ಸ್ ಕೊಡುತ್ತಿದ್ದರೆ ಕಾಗದದಲ್ಲಿ ಏನಿದೆ ಅಂತ ಸರಿಯಾಗಿ ಓದಿ. ಎಷ್ಟು ಮಕ್ಕಳಿಗೆ, ಎಷ್ಟು ವಯಸ್ಸಿನವರೆಗೆ, ಬಸ್ಸಿನ ಖರ್ಚೂ ಸೇರಿದೆಯಾ? ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೆಲಸ ಬದಲಾದರೆ, ಹೊಸ ಕಂಪನಿ ಅಲೋವೆನ್ಸ್ ಕೊಡದಿದ್ದರೆ, ಆ ಫೀಸನ್ನು ಕೈಯಿಂದ ಕಟ್ಟಲು ಆಗುತ್ತದಾ? ಆಗದಿದ್ದರೆ ಅದು ನಿಮ್ಮ ಬಜೆಟ್ಟಿನ ಶಾಲೆ ಅಲ್ಲ, ಕಂಪನಿಯ ಬಜೆಟ್ಟಿನ ಶಾಲೆ. ಗಲ್ಫ್‌ನಲ್ಲಿ ಕೆಲಸ ಯಾವಾಗ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಮೂರನೆಯದು ದೂರ. ಬಾಡಿಗೆ ಉಳಿಯುತ್ತದೆ ಅಂತ ಶಾರ್ಜಾದಲ್ಲಿ ಮನೆ ಮಾಡಿ, ಮಗುವನ್ನು ದುಬೈ ಶಾಲೆಗೆ ಹಾಕುವವರು ಬಹಳ ಇದ್ದಾರೆ. ಶಾರ್ಜಾದಿಂದ ದುಬೈಗೆ ಬರುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ಬೆಳಿಗ್ಗೆ ಒಮ್ಮೆ ಹೋಗಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಆರು ವರ್ಷದ ಮಗು ಕತ್ತಲಲ್ಲೇ ಎದ್ದು ಬಸ್ಸಿನಲ್ಲಿ ತೂಕಡಿಸುತ್ತಾ ಹೋಗಬೇಕೆಂದರೆ ಆ ಶಾಲೆ ಎಷ್ಟೇ ಒಳ್ಳೆಯದಿದ್ದರೂ ಏನು ಬಂತು? ನನ್ನ ಮಟ್ಟಿಗೆ, ಕೆಎಚ್‌ಡಿಎ ಕೊಡುವ ದರ್ಜೆಯಲ್ಲಿ ಹತ್ತಿರದ "ಗುಡ್" ಶಾಲೆ ದೂರದ "ಔಟ್‌ಸ್ಟ್ಯಾಂಡಿಂಗ್" ಶಾಲೆಗಿಂತ ಮೇಲು. ಸಣ್ಣ ಮಕ್ಕಳಿಗಂತೂ ಖಂಡಿತ.

ಕೊನೆಯದು ಮಗುವಿನ ಸ್ವಭಾವ. ಇದು ಅಪ್ಪ ಅಮ್ಮನಿಗೆ ಗೊತ್ತಿರುತ್ತದೆ, ಪಟ್ಟಿ ಮಾಡುವಾಗ ಮಾತ್ರ ಮರೆತುಹೋಗುತ್ತದೆ.

ಭಾರತೀಯ ಶಾಲೆ

ದುಬೈನಲ್ಲಿ ಭಾರತೀಯ ಶಾಲೆಗಳಿಗೆ ಹಳೆಯ ಇತಿಹಾಸವಿದೆ. ಲಾಭಕ್ಕಲ್ಲದೆ ನಡೆಯುವ ಇಂಡಿಯನ್ ಹೈಸ್ಕೂಲ್ ಶುರುವಾದದ್ದು 1961ರಲ್ಲಿ, ಯುಎಇ ಎಂಬ ದೇಶ ಆಗುವುದಕ್ಕೂ 10 ವರ್ಷ ಮೊದಲು. ನಮ್ಮ ಮೈಸೂರಿನ ಸುತ್ತೂರು ಮಠದ ಜೆಎಸ್ಎಸ್ ಸಂಸ್ಥೆಯೂ ಇಲ್ಲಿ ಶಾಲೆ ನಡೆಸುತ್ತಿದೆ. ಹೆಚ್ಚಿನವು ಸಿಬಿಎಸ್‌ಇ. ಐಸಿಎಸ್‌ಇ ಶಾಲೆಗಳು ಕೈಬೆರಳೆಣಿಕೆಯಷ್ಟೇ. ಐಸಿಎಸ್‌ಇಯಲ್ಲಿ ಇಂಗ್ಲಿಷ್ ಕಲಿಕೆ ಗಟ್ಟಿ, ಓದುವುದು ಬರೆಯುವುದು ಜಾಸ್ತಿ.

ಫೀಸಿನಲ್ಲಿ ದೊಡ್ಡ ಅಂತರವಿದೆ. ಕೆಳಗಿನ ತರಗತಿಗೆ ವರ್ಷಕ್ಕೆ ಸುಮಾರು 5-6 ಸಾವಿರ ದಿರಹಂನಿಂದ ಶುರು. 15-20 ಸಾವಿರದಲ್ಲಿ ಪರವಾಗಿಲ್ಲ ಅನ್ನಿಸುವ ಶಾಲೆಗಳು ಸಿಗುತ್ತವೆ. ದೊಡ್ಡ ಹೆಸರಿನ ಕೆಲವು 30 ಸಾವಿರವನ್ನೂ ದಾಟುತ್ತವೆ.

ಇದರ ದೊಡ್ಡ ಅನುಕೂಲ, ಯಾವಾಗ ಬೇಕಾದರೂ ಊರಿಗೆ ಹೊರಡಬಹುದು. ಹೆಚ್ಚಿನ ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಏಳನೇ ತರಗತಿ ಮುಗಿಸಿದ ಮಗು ಬೆಂಗಳೂರಿನ ಸಿಬಿಎಸ್‌ಇ ಶಾಲೆಯಲ್ಲಿ ಎಂಟಕ್ಕೆ ಸೇರುತ್ತದೆ, ಪುಸ್ತಕವೂ ಹೆಚ್ಚುಕಡಿಮೆ ಅದೇ. ನೀಟ್, ಜೆಇಇ ಬರೆಯುವ ಮಕ್ಕಳಿಗೂ ಇದೇ ಸಲೀಸು. ಆ ಪರೀಕ್ಷೆಗಳ ಪಾಠ ಸಿಬಿಎಸ್‌ಇ ಶಾಲೆಗಳಲ್ಲಿ ಓದಿಸುವ ಎನ್‌ಸಿಇಆರ್‌ಟಿ ಪುಸ್ತಕಗಳ ಮೇಲೆಯೇ ನಿಂತಿದೆ. ನೀಟ್ ಅನ್ನು ದುಬೈನಲ್ಲೇ ಕೂತು ಬರೆಯಬಹುದು.

ತೊಂದರೆಗಳೂ ಇವೆ. ಕಡಿಮೆ ಫೀಸಿನ ಶಾಲೆಯಲ್ಲಿ ತರಗತಿ ತುಂಬಿ ತುಳುಕುತ್ತದೆ. ಎಂಟನೇ ತರಗತಿ ಬಂತೆಂದರೆ ಟ್ಯೂಷನ್ ಶುರು, ಆ ಖರ್ಚನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಗಣಿತ, ವಿಜ್ಞಾನಕ್ಕೆ ಟ್ಯೂಷನ್ ಸೇರಿಸಿದರೆ ಕಡಿಮೆ ಫೀಸಿನ ಶಾಲೆ ಅಷ್ಟೇನೂ ಕಡಿಮೆಯಾಗಿ ಉಳಿಯುವುದಿಲ್ಲ. ಆಟ, ಸಂಗೀತ, ನಾಟಕಕ್ಕೆ ಜಾಗ, ಸಮಯ ಎರಡೂ ಕಡಿಮೆ. ಮಾರ್ಕ್ಸ್ ಪೈಪೋಟಿ ಊರಿಗಿಂತ ಒಂದು ಕೈ ಮೇಲೆಯೇ ಇದೆ. ಕೆಲವು ಶಾಲೆಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ವಿಭಾಗ. ಕೆಲವರಿಗೆ ಅದು ಬೇಕು, ಕೆಲವರಿಗೆ ಬೇಡ. ಮೊದಲೇ ಕೇಳಿಕೊಳ್ಳಿ.

"ಸಿಬಿಎಸ್‌ಇ ಓದಿದರೆ ವಿದೇಶಕ್ಕೆ ಹೋಗಲು ಆಗಲ್ಲ" ಅನ್ನುವ ಮಾತೊಂದು ಇದೆ. ನಂಬಬೇಡಿ. ಬ್ರಿಟನ್, ಕೆನಡಾ, ಅಮೆರಿಕದ ವಿಶ್ವವಿದ್ಯಾಲಯಗಳು ಸಿಬಿಎಸ್‌ಇ ಹನ್ನೆರಡನೇ ತರಗತಿಯ ಅಂಕ ನೋಡಿ ಸೀಟು ಕೊಡುತ್ತವೆ. ಜರ್ಮನಿಯಂಥ ಕಡೆ ಮಾತ್ರ ಬರೀ ಹನ್ನೆರಡರ ಅಂಕಪಟ್ಟಿ ಸಾಮಾನ್ಯವಾಗಿ ಸಾಲದು. ವಿದೇಶವೇ ಬೇಡ ಅಂದರೆ ಮಣಿಪಾಲ್, ಬಿಟ್ಸ್ ಪಿಲಾನಿ ಎರಡೂ ದುಬೈನಲ್ಲಿ ಕ್ಯಾಂಪಸ್ ನಡೆಸುತ್ತಿವೆ.

ಮೂರು ನಾಲ್ಕು ವರ್ಷ ದುಡಿದು ವಾಪಸ್ ಹೋಗುವ ಯೋಚನೆ ಇದ್ದವರಿಗೆ, ಕೆಲಸದ ಭರವಸೆ ಇಲ್ಲದವರಿಗೆ, ಡಾಕ್ಟರು ಎಂಜಿನಿಯರು ಅಂತ ಮನಸ್ಸಿನಲ್ಲಿ ಇದ್ದವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಬ್ರಿಟಿಷ್ ಶಾಲೆ

ಇಲ್ಲಿ ಮೊದಲು ತಲೆ ತಿರುಗಿಸುವುದು ತರಗತಿಯ ಲೆಕ್ಕ. ಬ್ರಿಟಿಷ್ ಶಾಲೆಯ "ಇಯರ್ 7" ಅಂದರೆ ನಮ್ಮ ಆರನೇ ತರಗತಿ. ಅಲ್ಲಿಂದ ಭಾರತೀಯ ಶಾಲೆಗೆ ಬಂದ ಮಗುವನ್ನು "ಗ್ರೇಡ್ 7"ಕ್ಕೆ ಹಾಕಿದರೆ ಒಂದು ವರ್ಷದ ಪಾಠ ಹಾರಿಸಿದ ಹಾಗೆ. ಶಾಲೆ ಶುರುವಾಗುವುದು ಆಗಸ್ಟ್ ಕೊನೆಗೆ. ಏಪ್ರಿಲ್ ಶಾಲೆಯಿಂದ ಇಲ್ಲಿಗೆ ಬಂದರೂ, ಇಲ್ಲಿಂದ ಅಲ್ಲಿಗೆ ಹೋದರೂ ನಡುವೆ ಕೆಲವು ತಿಂಗಳು ಅತ್ತ ಇತ್ತ ಆಗಿಯೇ ಆಗುತ್ತದೆ.

ಕಲಿಸುವ ರೀತಿ ಬೇರೆ. ಸಣ್ಣ ತರಗತಿಗಳಲ್ಲಿ ಬಾಯಿಪಾಠ ಕಡಿಮೆ, ಪ್ರಶ್ನೆ ಕೇಳುವುದು, ಗುಂಪಿನಲ್ಲಿ ಮಾಡುವುದು ಜಾಸ್ತಿ. ಹತ್ತನೇ ತರಗತಿಯ ವಯಸ್ಸಿಗೆ ಜಿಸಿಎಸ್‌ಇ ಅಥವಾ ಐಜಿಸಿಎಸ್‌ಇ ಎಂಬ ಬೋರ್ಡ್ ಪರೀಕ್ಷೆ, ಆಮೇಲೆ ನಮ್ಮ ಪಿಯುಸಿಯ ಹಾಗೆ ಎರಡು ವರ್ಷ ಎ ಲೆವೆಲ್. ಎ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಮೂರೇ ವಿಷಯ, ಹೆಚ್ಚೆಂದರೆ ನಾಲ್ಕು. ಏನು ಬೇಕು ಅಂತ ಗೊತ್ತಿರುವ ಮಗುವಿಗೆ ಇದು ಹಬ್ಬ. ಹದಿನಾರಕ್ಕೆ ಇನ್ನೂ ಏನೂ ತೀರ್ಮಾನ ಮಾಡದ ಮಗುವಿಗೆ ಬೇಗ ಬಾಗಿಲು ಮುಚ್ಚಿದ ಹಾಗೆ ಆಗಬಹುದು.

ಫೀಸ್ ಸುಮಾರು 15-20 ಸಾವಿರ ದಿರಹಂನಿಂದ ಶುರುವಾಗಿ ಒಂದು ಲಕ್ಷ ದಾಟುವವರೆಗೂ ಹೋಗುತ್ತದೆ. ಕೆಳಗಿನ ತುದಿಯ ಶಾಲೆಗಳನ್ನು ಹುಷಾರಾಗಿ ನೋಡಿ. "ಬ್ರಿಟಿಷ್" ಅನ್ನುವ ಬೋರ್ಡು ಹಾಕಿದ್ದಕ್ಕೇ ಅಲ್ಲಿ ಬ್ರಿಟನ್ನಿನ ಶಿಕ್ಷಣ ಸಿಗುವುದಿಲ್ಲ. 20 ಸಾವಿರದ ಬ್ರಿಟಿಷ್ ಶಾಲೆಯ ಬದಲು ಅದೇ ದುಡ್ಡಿಗೆ ಸಿಗುವ ಒಳ್ಳೆಯ ಸಿಬಿಎಸ್‌ಇ ಶಾಲೆಯನ್ನೇ ನಾನು ಆರಿಸುತ್ತೇನೆ.

ಭಾರತಕ್ಕೆ ವಾಪಸ್ ಹೋಗುವವರಿಗೆ ತೊಡಕು ದಿನಾಂಕಗಳಲ್ಲಿದೆ. ಮೇ-ಜೂನ್‌ನಲ್ಲಿ ಬರೆದ ಐಜಿಸಿಎಸ್‌ಇ, ಎ ಲೆವೆಲ್ ಪರೀಕ್ಷೆಗಳ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಕರ್ನಾಟಕದಲ್ಲಿ ಪಿಯುಸಿ ಪಾಠ ಶುರುವಾಗಿ ಸುಮಾರು ದಿನವಾಗಿರುತ್ತದೆ. ಹತ್ತರ ನಂತರ ಊರಿಗೆ ಕಳಿಸುವ ಯೋಚನೆ ಇದ್ದರೆ, ಅಲ್ಲಿನ ಕಾಲೇಜು ಈ ಮಗುವನ್ನು ಯಾವ ದಾಖಲೆ ನೋಡಿ ಸೇರಿಸಿಕೊಳ್ಳುತ್ತದೆ ಅಂತ ಒಂದು ವರ್ಷ ಮೊದಲೇ ಕೇಳಿ. ಎ ಲೆವೆಲ್ ಮುಗಿಸಿ ಭಾರತದ ಕಾಲೇಜಿಗೆ ಹೋಗುವವರಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು ಕೊಡುವ ಸಮಾನತೆಯ ಪ್ರಮಾಣಪತ್ರ ಬೇಕಾಗಬಹುದು.

ಐಬಿ

ಐಬಿ ಶುರುವಾದದ್ದು 1968ರಲ್ಲಿ, ಜಿನೀವಾದಲ್ಲಿ. ದೇಶದಿಂದ ದೇಶಕ್ಕೆ ಓಡಾಡುವವರ ಮಕ್ಕಳು ಎಲ್ಲಿ ಹೋದರೂ ಒಂದೇ ಪಠ್ಯ ಓದಲಿ ಅನ್ನುವುದು ಅದರ ಮೂಲ ಯೋಚನೆ. ಹಾಗಾಗಿ ಇಂದು ದುಬೈ, ನಾಳೆ ಸಿಂಗಪುರ, ನಾಡಿದ್ದು ಆಮ್‌ಸ್ಟರ್‌ಡಾಮ್ ಅನ್ನುವ ನೌಕರಿ ಇದ್ದವರಿಗೆ ಇದು ನಿಜವಾಗಿ ಹೊಂದುತ್ತದೆ.

ಕೊನೆಯ ಎರಡು ವರ್ಷದ ಡಿಪ್ಲೊಮಾದಲ್ಲಿ ಆರು ವಿಷಯ. ಅದರ ಜೊತೆಗೆ 4,000 ಪದಗಳ ಒಂದು ಸಂಶೋಧನಾ ಪ್ರಬಂಧ, ಜ್ಞಾನದ ಬಗ್ಗೆಯೇ ಒಂದು ಪಾಠ, ಸಮಾಜಸೇವೆ, ಕಲೆ, ಆಟ. ಒಟ್ಟು ಅಂಕ 45. ಬರೆಯಲು, ಓದಲು ಇಷ್ಟಪಡುವ, ತಾನಾಗಿಯೇ ಕೂತು ಕೆಲಸ ಮುಗಿಸುವ ಮಗು ಇಲ್ಲಿ ಅರಳುತ್ತದೆ. ಕೊನೇ ವಾರ ಓದಿ ಬರೆಯುವ ಮಗು ಎರಡು ವರ್ಷವೂ ಒದ್ದಾಡುತ್ತದೆ, ಮನೆಯವರನ್ನೂ ಒದ್ದಾಡಿಸುತ್ತದೆ. ಫೀಸು ಸುಮಾರು 40 ಸಾವಿರದಿಂದ ಹಿಡಿದು ಲಕ್ಷ ದಿರಹಂ ದಾಟುವವರೆಗೆ.

ಮಗು ಮೆಡಿಕಲ್ ಓದಬೇಕು, ಅದೂ ಭಾರತದಲ್ಲಿ ಅನ್ನುವವರು ಐಬಿಗೆ ಸೇರಿಸುವ ಮೊದಲು ಹತ್ತು ಸಲ ಯೋಚಿಸಿ. ನೀಟ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಐಬಿ ಡಿಪ್ಲೊಮಾದ ಮಾಮೂಲಿ ಚೌಕಟ್ಟಿನಲ್ಲಿ ಮೂರು ವಿಜ್ಞಾನಕ್ಕೆ ಜಾಗವಿಲ್ಲ. ವಿಶ್ವವಿದ್ಯಾಲಯದ ಷರತ್ತು ತೋರಿಸಿ ಶಾಲೆ ವಿಶೇಷ ಅನುಮತಿ ತರಿಸಬೇಕು. ಅದು ಸಿಕ್ಕಿದರೂ ನೀಟ್ ಸಾಮಾನ್ಯವಾಗಿ ಬರುವುದು ಮೇ ಮೊದಲ ವಾರದಲ್ಲಿ, 2024ರಲ್ಲಿ ಮೇ 5ಕ್ಕೆ, 2025ರಲ್ಲಿ ಮೇ 4ಕ್ಕೆ ನಡೆಯಿತು. ಐಬಿ ಪರೀಕ್ಷೆಗಳು ಜೋರಾಗಿ ನಡೆಯುವುದೂ ಆಗಲೇ. ಎರಡು ಬೇರೆ ಪಠ್ಯ, ಎರಡು ಬೇರೆ ರೀತಿಯ ಪ್ರಶ್ನೆಪತ್ರಿಕೆ, ಒಂದೇ ತಿಂಗಳು. ಮಾಡಿದ ಮಕ್ಕಳಿದ್ದಾರೆ, ಆದರೆ ಬೇಕಾಗಿ ತಲೆಯ ಮೇಲೆ ಎಳೆದುಕೊಳ್ಳುವ ಕಷ್ಟ ಇದಲ್ಲ.

ಒಂದು ಮಧ್ಯದ ದಾರಿ ಇದೆ. ಹತ್ತರವರೆಗೆ ಭಾರತೀಯ ಪಠ್ಯ ಓದಿ, ಕೊನೆಯ ಎರಡು ವರ್ಷ ಮಾತ್ರ ಐಬಿಗೆ ಹೋಗಬಹುದು. ಜೆಮ್ಸ್ ಮಾಡರ್ನ್ ಅಕಾಡೆಮಿಯಂಥ ಶಾಲೆಗಳಲ್ಲಿ ಐಸಿಎಸ್‌ಇಯೂ ಇದೆ, ಐಬಿ ಡಿಪ್ಲೊಮಾವೂ ಇದೆ. ದುಡ್ಡೂ ಉಳಿಯುತ್ತದೆ, ಮಗುವಿನ ಒಲವು ಏನು ಅಂತ ಅಷ್ಟರಲ್ಲಿ ಗೊತ್ತೂ ಆಗಿರುತ್ತದೆ. ವಿದೇಶದ ವಿಶ್ವವಿದ್ಯಾಲಯದ ಆಸೆ ಇದ್ದು ಕೈ ಸ್ವಲ್ಪ ಬಿಗಿ ಇರುವ ಮನೆಗಳಿಗೆ ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ.

ಊರಿಗೆ ಕಳಿಸುವುದು

ಇದನ್ನು ಶಾಲೆ ಆರಿಸುವ ಮಾತಿನಲ್ಲಿ ಯಾರೂ ಸೇರಿಸುವುದಿಲ್ಲ. ಆದರೆ ಮಂಗಳೂರು, ಉಡುಪಿ, ಭಟ್ಕಳ ಕಡೆಯ ಗಲ್ಫ್ ಮನೆಗಳಲ್ಲಿ ತಲೆಮಾರಿನಿಂದ ನಡೆದುಬಂದದ್ದು ಇದೇ. ಹತ್ತನೇ ತರಗತಿ ಇಲ್ಲಿ, ಪಿಯುಸಿ ಊರಲ್ಲಿ. ಮಗು ಅಜ್ಜ ಅಜ್ಜಿಯ ಜೊತೆ ಇರುತ್ತದೆ, ಇಲ್ಲಾ ಮೂಡುಬಿದಿರೆಯಂಥ ಕಡೆ ಹಾಸ್ಟೆಲ್‌ನಲ್ಲಿ.

ಇದಕ್ಕೆ ಗಟ್ಟಿ ಕಾರಣ ಸಿಇಟಿ ಅರ್ಹತೆಯ ನಿಯಮ. ಕರ್ನಾಟಕದ ಸರ್ಕಾರಿ ಕೋಟಾದ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಮಗು ಸಾಮಾನ್ಯವಾಗಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ದುಬೈನಲ್ಲಿ ಬೆಳೆದ ಮಗುವಿಗೆ ಇದು ಸಿಗುವುದಿಲ್ಲ. ಆದರೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ನಿಯಮದಲ್ಲಿ ಇನ್ನೊಂದು ದಾರಿ ಇದೆ: ಅಪ್ಪ ಅಥವಾ ಅಮ್ಮ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದು, ಮಗು ಎರಡು ವರ್ಷದ ಪಿಯುಸಿ ಅಥವಾ 11, 12ನೇ ತರಗತಿಯನ್ನು ಕರ್ನಾಟಕದಲ್ಲೇ ಓದಿದರೆ ಅರ್ಹತೆ ಬರುತ್ತದೆ. ನಿಮ್ಮ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಆಗ ಬೇಕಾಗುತ್ತದೆ. ರಜೆಗೆ ಊರಿಗೆ ಹೋದಾಗ ಅದನ್ನು ಮಾಡಿಸಿ ಇಟ್ಟುಕೊಳ್ಳಿ. ಆ ವರ್ಷದ ಕೆಇಎ ಕೈಪಿಡಿಯನ್ನೂ ಓದಿ, ಸಣ್ಣಪುಟ್ಟ ಬದಲಾವಣೆ ಆಗುತ್ತಲೇ ಇರುತ್ತದೆ.

ದುಬೈನಲ್ಲೇ ಹನ್ನೆರಡು ಮುಗಿಸಿದರೆ ನೀಟ್‌ನಲ್ಲಿ ಸರ್ಕಾರಿ ಕಾಲೇಜುಗಳ ಶೇ. 15ರ ಅಖಿಲ ಭಾರತ ಕೋಟಾ ಇದ್ದೇ ಇದೆ. ರಾಜ್ಯ ಕೋಟಾ ಇರುವುದಿಲ್ಲ. ಮಿಕ್ಕಿದ್ದು ಎನ್ಆರ್‌ಐ ಸೀಟು, ಡೀಮ್ಡ್ ವಿಶ್ವವಿದ್ಯಾಲಯ. ಅಲ್ಲಿ ಫೀಸು ಕೇಳಿದರೆ ದುಬೈ ಶಾಲೆಯ ಫೀಸೇ ಅಗ್ಗ ಅನ್ನಿಸುತ್ತದೆ. ಎಂಜಿನಿಯರಿಂಗ್‌ಗೆ ಸ್ವಲ್ಪ ಸಮಾಧಾನ ಇದೆ. ಎನ್ಐಟಿಗಳಲ್ಲಿ ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆ ಅಂತಲೇ ಸಿಐಡಬ್ಲ್ಯುಜಿ ಎಂಬ ವಿಭಾಗವಿದೆ, ಜೆಇಇ ಮೇನ್ ಅಂಕದ ಮೇಲೆ ಸಿಗುತ್ತದೆ.

ಮನಸ್ಸಿನ ಲೆಕ್ಕವನ್ನೂ ಹಾಕಿ. ಹದಿನಾರರ ವಯಸ್ಸಿನಲ್ಲಿ ಗೆಳೆಯರನ್ನು ಬಿಟ್ಟು, ಅಪ್ಪ ಅಮ್ಮನನ್ನು ಬಿಟ್ಟು, ಬೆಳಿಗ್ಗೆಯಿಂದ ರಾತ್ರಿವರೆಗೆ ಓದಿಸುವ ಹಾಸ್ಟೆಲಿಗೆ ಹೋಗುವುದು ಎಲ್ಲ ಮಕ್ಕಳ ಕೈಲೂ ಆಗುವುದಿಲ್ಲ. ಮಗು ಬೇಡ ಅಂದರೆ ಒತ್ತಾಯ ಬೇಡ. ಅಮ್ಮನೂ ಜೊತೆಗೆ ಬಂದು ಊರಲ್ಲಿ ಮನೆ ಮಾಡುವುದು ಕೆಲವರ ದಾರಿ. ಎರಡು ಮನೆಯ ಖರ್ಚು ಆಗುತ್ತದೆ, ದುಬೈ ಮನೆಯನ್ನು ಚಿಕ್ಕದು ಮಾಡಿಕೊಂಡರೆ ಸರಿದೂಗಲೂಬಹುದು.

ಹತ್ತಕ್ಕಿಂತ ಮೊದಲೇ ವಾಪಸ್ ಹೋಗುವವರಿಗೆ ಕನ್ನಡದ ವಿಷಯ ಒಂದಿದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಬಂದ ಮೇಲೆ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಲಿಯಬೇಕು. ದುಬೈನ ಭಾರತೀಯ ಶಾಲೆಗಳಲ್ಲಿ ಹಿಂದಿ, ಮಲಯಾಳಂ, ಫ್ರೆಂಚ್ ಸಿಗುತ್ತದೆ, ಕನ್ನಡ ಬಲು ಅಪರೂಪ. ಅರಬಿಕ್ ಅಂತೂ ಪಠ್ಯ ಯಾವುದೇ ಇರಲಿ, ಒಂದರಿಂದ ಒಂಬತ್ತನೇ ತರಗತಿವರೆಗೆ ಕಡ್ಡಾಯ. ಹಾಗಾಗಿ ಕನ್ನಡವನ್ನು ಶಾಲೆಯ ಹೊರಗೇ ಕಲಿಸಬೇಕು. ಇಲ್ಲಿನ ಕನ್ನಡಿಗರು ನಡೆಸುವ ಕನ್ನಡ ಪಾಠಶಾಲೆ ಇದೆ, ಮಕ್ಕಳಿಗೆ ಓದು ಬರಹ ಉಚಿತವಾಗಿ ಹೇಳಿಕೊಡುತ್ತಾರೆ. ಒಂದನೇ ತರಗತಿಯಲ್ಲೇ ಸೇರಿಸಿಬಿಡಿ. ಏಳನೇ ತರಗತಿಯ ಮಗುವಿಗೆ ಒತ್ತಕ್ಷರ ಕಲಿಸುವ ಕಷ್ಟ ನಿಮಗೂ ಬೇಡ, ಮಗುವಿಗೂ ಬೇಡ.

ಶಾಲೆ ನೋಡಲು ಹೋಗುವ ಮೊದಲು

ಕೆಎಚ್‌ಡಿಎ ತಪಾಸಣೆಯ ವರದಿಗಳು ಅವರ ವೆಬ್‌ಸೈಟಿನಲ್ಲಿವೆ. ಔಟ್‌ಸ್ಟ್ಯಾಂಡಿಂಗ್‌ನಿಂದ ವೆರಿ ವೀಕ್‌ವರೆಗೆ ಆರು ದರ್ಜೆ. ದರ್ಜೆಯಷ್ಟನ್ನೇ ನೋಡಿ ಮುಚ್ಚಿಡಬೇಡಿ. ಮೊದಲು ವರದಿ ಯಾವ ವರ್ಷದ್ದು ಅಂತ ನೋಡಿ. 2023-24ರ ನಂತರ ಹೆಚ್ಚಿನ ಶಾಲೆಗಳಿಗೆ ಪೂರ್ತಿ ತಪಾಸಣೆ ನಡೆದಿಲ್ಲ, ಅಷ್ಟರಲ್ಲಿ ಪ್ರಿನ್ಸಿಪಾಲರೇ ಬದಲಾಗಿರಬಹುದು. ಆಮೇಲೆ ನೋಡಬೇಕಾದದ್ದು ಆ ವರ್ಷ ಎಷ್ಟು ಶೇಕಡಾ ಶಿಕ್ಷಕರು ಬಿಟ್ಟು ಹೋದರು ಅನ್ನುವ ಅಂಕಿ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಅನ್ನುವ ಅಂಕಿ. ಎರಡೂ ವರದಿಯ ಮೊದಲ ಪುಟಗಳಲ್ಲೇ ಇರುತ್ತವೆ. ಮೂರನೇ ಒಂದು ಭಾಗದಷ್ಟು ಶಿಕ್ಷಕರು ಪ್ರತಿ ವರ್ಷ ಬಿಡುತ್ತಿದ್ದರೆ, ಈಜುಕೊಳ ಎಷ್ಟು ಚೆಂದ ಇದ್ದರೂ ನಾನು ಆ ಶಾಲೆ ಕಡೆ ತಿರುಗಿ ನೋಡುವುದಿಲ್ಲ.

ಶಾಲೆಯವರು ತೋರಿಸುವ ಜಾಗಗಳನ್ನು ನೋಡಿದ ಮೇಲೆ, ಮಗು ಸೇರುವ ತರಗತಿಯ ಒಂದು ನೋಟ್‌ಬುಕ್ ಕೇಳಿ ನೋಡಿ. ಟಾಯ್ಲೆಟ್ಟಿಗೂ ಹೋಗಿ ಬನ್ನಿ. ಹನ್ನೆರಡನೇ ತರಗತಿ ಮುಗಿಸಿದವರು ಕಳೆದ ವರ್ಷ ಎಲ್ಲೆಲ್ಲಿ ಸೇರಿದರು ಅಂತ ಕೇಳಿ. ಹೆಸರು ಮಾಡಿದ ನಾಲ್ಕು ಮಕ್ಕಳ ಪಟ್ಟಿ ಸಾಲದು, ಉಳಿದವರದ್ದೂ ಬೇಕು. ಬಸ್ಸಿನಲ್ಲಿ ನಿಮ್ಮ ಏರಿಯಾದ ಮಗು ಎಷ್ಟು ಗಂಟೆಗೆ ಹತ್ತುತ್ತದೆ ಅಂತ ಕೇಳಿ, ಅಂದಾಜಿನ ಉತ್ತರ ಒಪ್ಪಬೇಡಿ.

ಒಳ್ಳೆಯ ಭಾರತೀಯ ಶಾಲೆಗಳಲ್ಲಿ ಕೆಜಿ1ಕ್ಕೆ ಯಾವಾಗಲೂ ನೂಕುನುಗ್ಗಲು, ಏಪ್ರಿಲ್ ಸೀಟಿಗೆ ಹಿಂದಿನ ವರ್ಷದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ವಿಚಾರಿಸಲು ಶುರು ಮಾಡಿ. ನಡುವಿನ ತರಗತಿಗಳಿಗೆ ಸೀಟು ಸಿಗುವುದು ಸಲೀಸು, ಯಾರಾದರೂ ದೇಶ ಬಿಡುತ್ತಲೇ ಇರುತ್ತಾರೆ. ಭಾರತದ ಶಾಲೆಯಿಂದ ಬರುವ ಮಗುವಿನ ಟಿಸಿಗೆ ಅಟೆಸ್ಟೇಷನ್ ಕೇಳುತ್ತಾರೆ. ಶಿಕ್ಷಣ ಇಲಾಖೆ, ವಿದೇಶಾಂಗ ಇಲಾಖೆ, ರಾಯಭಾರ ಕಚೇರಿ ಅಂತ ಸುತ್ತಿ ಬರಲು ವಾರಗಳೇ ಹಿಡಿಯುತ್ತವೆ. ದುಬೈಗೆ ಬಂದ ಮೇಲೆ ಕೊರಿಯರ್‌ನಲ್ಲಿ ಮಾಡಿಸುವುದಕ್ಕಿಂತ, ವಿಮಾನ ಹತ್ತುವ ಮೊದಲೇ ಮುಗಿಸಿ ಕೈಯಲ್ಲಿ ತನ್ನಿ.